ಕರಿಗಾಜು

"ಏನೂ ಇಲ್ಲೇನ್ರಿ ಮೇಡಂ? ಹಂಗಾರ ಆಳುಗಳನ್ನ ಮ್ಯಾಲೆ ಕಳಸ್ಲಾ?"

ಕೇಳಿದವನು ಸಿರುಗುಪ್ಪದ ರೈಸ್ ಮಿಲ್ಲಿನ ಮೇಸ್ತ್ರಿ ಮಾರೆಣ್ಣ. ಎದುರಿಗೆ ಮನೆಯೆತ್ತರದ ಭತ್ತದ ಹೊಟ್ಟಿನ ರಾಶಿ. ಬೆಳಿಗ್ಗೆಯಿಂದ ಸುಟ್ಟ ವಾಸನೆ, ಹೊಗೆ ಮಾತ್ರ ಕಾಣದು. ಒಳಗೆ ಕೆಂಡವಿದ್ದರೆ ಹತ್ತಿದವರ ಕಾಲು ನೇರ ಅದರೊಳಕ್ಕೇ ಇಳಿಯುತ್ತದೆ. ಅದಕ್ಕೇ ಬಳ್ಳಾರಿಯಿಂದ ಪರ್ವೀನಳನ್ನು ಕರೆಸಿದ್ದ. ಬಿಸಿಯನ್ನು ನೋಡುವ ಕ್ಯಾಮೆರಾ ಅವಳದು. ಕರೆಯದಿದ್ದರೂ ಬಂದವನು ಅಣ್ಣ ನಯಾಜ್. ಅವಳು ಕೆಲಸಕ್ಕೆ ಸೇರಿದಾಗಿನಿಂದ ಬ್ರೂಸ್‌ಪೇಟೆಯ ತನ್ನ ಮೊಬೈಲ್ ಅಂಗಡಿಗೆ ಬೀಗ ಜಡಿದು, ಹೋದಲ್ಲೆಲ್ಲ ಬೈಕಿನಲ್ಲಿ ಕರೆತಂದು, "ಹತ್ರ ಹೋಗಬ್ಯಾಡ, ಹುಷಾರು" ಎಂದು ಪ್ರಾಣ ತಿನ್ನುವುದೇ ಪುಣ್ಯಾತ್ಮನ ನೌಕರಿಯಾಗಿತ್ತು.

ಕ್ಯಾಮೆರಾದ ಪರದೆಯ ಮೇಲೆ ರಾಶಿ ಪೂರಾ ನೀಲಿ, ತಣ್ಣಗಿತ್ತು. ಪರ್ವೀನ್ "ಹೂಂ" ಅನ್ನಲು ಬಾಯಿ ತೆರೆದಳು. ಅಷ್ಟರಲ್ಲೇ ಉಚ್ಚಂಗೆಮ್ಮ ಎಂಬ ಆಳು ಬುಟ್ಟಿ ಹಿಡಿದು ರಾಶಿಗೆ ಒಂದು ಕಾಲಿಟ್ಟಿದ್ದಳು. ಪರದೆಯಲ್ಲಿ ಉಚ್ಚಂಗೆಮ್ಮನೇ ಇರಲಿಲ್ಲ! ಜೀವಂತ ಮನುಷ್ಯಳ ಮೈಬಿಸಿಯೇ ಕಾಣದ ಕ್ಯಾಮೆರಾಕ್ಕೆ ಕೆಂಡ ಎಲ್ಲಿಂದ ಕಾಣಬೇಕು?

"ನಿಂದರ್ರಿ ಅಮ್ಮಾ! ಕಾಲು ತಗೀರಿ!"

ಉಚ್ಚಂಗೆಮ್ಮ ಬೆಚ್ಚಿ ಹಿಂದೆ ಸರಿದಳು. ಪರ್ವೀನ್ ಕ್ಯಾಮೆರಾದ ಕಪ್ಪು ಲೆನ್ಸ್ ಸವರಿ ನೋಡಿದಳು. ಉಗುರಿಗೆ ಅಂಚೊಂದು ತಾಗಿತು.

"ಭಾಯ್, ಇದಕ್ಕೇನ್ ಹಚ್ಚೀ?"

"ವಾಚಿಗೆ ಹಚ್ಚೋ ಗ್ಲಾಸ್ ಗಾರ್ಡ್. ಅಳತಿ ಹೆಂಗ ಕೂತೈತಿ ನೋಡು!" ನಯಾಜ್ ಬೀಗಿದ. "ಅಷ್ಟು ದುಬಾರಿ ಲೆನ್ಸಿಗೆ ಧೂಳು ಬಡದು ಗೀರು ಬಿದ್ದರ? ನಂದು ನೀರಿನಂಗ ತಿಳಿ ಐತಿ. ನಿನ್ನ ಕರಿಗಾಜಿನಾಗ ಆಚಿಕಡಿಂದು ಏನೂ ಕಾಣಂಗಿಲ್ಲ."

"ಅದು ಮರಳಿನ ಗಾಜಲ್ಲೋ ಮಾರಾಯ, ಸೆಲೆನಿಯಂ ಬೆರಸಿದ ಚಾಲ್ಕೊಜೆನೈಡ್ ಅನ್ನೋ ಗಾಜು. ನಮ್ಮ ಕಣ್ಣಿಗೆ ಗೋಡಿ, ಬಿಸಿಗೆ ಬಾಗಿಲ. ನಿಂದು ಕಣ್ಣಿಗೆ ಬಾಗಿಲ, ಬಿಸಿಗೆ ಗೋಡಿ!" ಎನ್ನುತ್ತಲೇ ಗಾರ್ಡ್ ಕಿತ್ತು ಅವನ ಕೈಗಿಟ್ಟಳು.

ಪರದೆಗೆ ಜೀವ ಬಂತು. ಉಚ್ಚಂಗೆಮ್ಮ ಬಂಗಾರದ ಬಣ್ಣದಲ್ಲಿ ಹೊಳೆಯುತ್ತ ನಿಂತಿದ್ದಳು. ಅವಳು ಕಾಲಿಟ್ಟ ಜಾಗದಿಂದ ಎರಡು ಮಾರು ಆಚೆ, ರಾಶಿಯ ನಡುವೆ, ಬೆಳ್ಳನೆಯ ಮಚ್ಚೆ. ಮಾರೆಣ್ಣ ಉದ್ದನೆಯ ಕೊಕ್ಕೆಯಿಂದ ಅಲ್ಲಿಯ ಹೊಟ್ಟು ಎಳೆಸಿದ. ನಿಗಿನಿಗಿ ಕೆಂಡ! ಆಳುಗಳೆಲ್ಲ ನೀರಿನ ಪೈಪಿಗೆ ಓಡಿದರು.

ಉಚ್ಚಂಗೆಮ್ಮ ಹತ್ತಿರ ಬಂದು ಲೆನ್ಸನ್ನು ಕಣ್ತುಂಬ ನೋಡಿದಳು. "ನನಗಿಂತ ಕರ್ರಗ ಐತಲ್ಲ ಯವ್ವಾ! ಎಂಥಾ ಗಾಜಿದು, ನನ್ನ ಜೀವ ಉಳಿಸ್ತು," ಎಂದು ಅದಕ್ಕೊಮ್ಮೆ, ಪರ್ವೀನಳಿಗೊಮ್ಮೆ ಕೈಮುಗಿದಳು.

ಬೈಕಿನ ಬಳಿ ನಯಾಜ್ ಅಂಗೈಯಲ್ಲಿದ್ದ ಗಾರ್ಡನ್ನೇ ನೋಡುತ್ತಿದ್ದ.

"ಕಾಯ್ಲಿ ಅಂತ ಹಚ್ಚಿದ್ದೆ ಪರ್ವೀನ್. ಅಡ್ಡ ನಿಂತುಬಿಡ್ತಲ್ಲ."

ಅವಳು ಕ್ಯಾಮೆರಾವನ್ನು ಚೀಲಕ್ಕಿಟ್ಟಳು.

"ನಾಳಿ ಕುರುಗೋಡಿನ ಕೆಲಸಕ್ಕ ಎಷ್ಟೊತ್ತಿಗೆ ಹೊರಡೋದು?" ನಯಾಜ್ ಕೇಳಿದ.

"ಒಂಬತ್ತಕ್ಕ."

ಅವನು ಗಾರ್ಡನ್ನು ಜೇಬಿಗೆ ಹಾಕಿ, ಬೈಕಿನ ಕೀಲಿ ತೆಗೆದು ತಂಗಿಯ ಅಂಗೈಗಿಟ್ಟ.

"ಒಂಬತ್ತಕ್ಕ ನಾನು ಅಂಗಡಿ ತಗೀಬೇಕು," ಎಂದ.