ಒಂಟಿಗೆರೆಯ ಅಕ್ಷರ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಅಳುಕು ಇದ್ದೇ ಇದೆ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಂಗಿ ಮೂರನೆಯ ಸಲ ‘ನ’ ಬರೆಯುವಾಗ ಪೆನ್ನು ಕಾಗದಕ್ಕೆ ಸಿಕ್ಕಿಕೊಂಡಿತು. ಅಕ್ಷರದ ಅಡಿಯಲ್ಲಿ ಮೀನಿನ ಗಾಳದಂಥ ಸಣ್ಣ ಕೊಕ್ಕೆ ಉಳಿಯಿತು. ಹಾಳೆ ಹರಿಯಲು ಹೋದವಳನ್ನು ಭಾವ ತಡೆದರು.

“ಇರಲಿ ಬಿಡು. ಕೈಬರಹ ಅಂದ್ರೆ ಸ್ವಲ್ಪ ಊನ ಇರಬೇಕು. ಇಲ್ಲಾಂದ್ರೆ ಯಾರು ನಂಬ್ತಾರೆ?”

ಲೇಸರ್ ಕೆತ್ತನೆಯ ಅಂಗಡಿ ಭಾವನದು, ಎಂದರೆ ಅಕ್ಕನ ಗಂಡನದು; ತಂಗಿಗೂ ಅಲ್ಲೇ ಕೆಲಸ. ಆಸ್ಪತ್ರೆಯೊಂದು ಸಾವಿರದ ಇನ್ನೂರು ಲೇಬಲ್ಲು ಕೇಳಿತ್ತು. ಕೊಳವೆಗೆ, ಸ್ವಿಚ್ಚಿಗೆ, ಔಷಧದ ಬೀರುವಿಗೆ. ಬೆರಳಗಲದ ಪ್ಲಾಸ್ಟಿಕ್ ತುಂಡಿನ ಮೇಲೆ ಮಾಮೂಲಿ ಫಾಂಟ್ ಹಾಕಿದರೆ ಯಂತ್ರ ಅಕ್ಷರದ ಎರಡೂ ಅಂಚನ್ನು ಸುತ್ತಿ ಬರುತ್ತದೆ. ಹೊತ್ತೂ ದುಪ್ಪಟ್ಟು, ಅಕ್ಷರವೂ ಟೊಳ್ಳು. ಒಂಟಿಗೆರೆಯ ಫಾಂಟಾದರೆ ಪೆನ್ನು ಹೋದ ಹಾಗೆ ಒಂದೇ ಗೆರೆಯಲ್ಲಿ ಬರೆದು ಮುಗಿಸುತ್ತದೆ. ಸಿಕ್ಕ ಐದಾರು ಒಂಟಿಗೆರೆಯ ಫಾಂಟುಗಳಲ್ಲಿ ಒಂದೂ ಭಾವನಿಗೆ ಹಿಡಿಸಲಿಲ್ಲ. ನಿನ್ನ ಅಕ್ಷರ ದುಂಡಗಿದೆ, ಒಂದೊಂದನ್ನೂ ಮೂರು ಸಲ ಬರೆದುಕೊಡು, ಚೆನ್ನಾಗಿರುವುದನ್ನು ಆರಿಸಿ ನಾನೇ ಫಾಂಟ್ ಮಾಡುತ್ತೇನೆ ಎಂದಿದ್ದರು.

ತಂಗಿಗೆ ಅದೇ ಚಿಂತೆ. ತನ್ನ ಸೊಟ್ಟ ಅಕ್ಷರದಿಂದ ಯಾವ ನರ್ಸು ಯಾವ ಬೀರು ತೆರೆದುಬಿಟ್ಟಾಳೋ ಎಂದು ಎರಡು ದಿನ ಊಟ ಸೇರಲಿಲ್ಲ.

ಅಕ್ಕ ಹೋಗಿ ಹನ್ನೊಂದು ತಿಂಗಳಾಗಿತ್ತು. ದೂರದ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೇಳದೆ ಕೇಳದೆ ಹೊರಟುಹೋದವಳು. ತಿಂಗಳಿಗೊಂದು ಕಾಗದ ಮಾತ್ರ ತಪ್ಪುತ್ತಿರಲಿಲ್ಲ. ‘ಫೋನ್ ಬೇಡ, ನಿಮ್ಮ ದನಿ ಕೇಳಿದರೆ ಮನಸ್ಸು ಕರಗುತ್ತದೆ’ ಎಂದು ಪ್ರತಿ ಸಲವೂ ಬರೆಯುತ್ತಿದ್ದಳು. ಅಮ್ಮ ಆ ಕಾಗದಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ಭಾವನನ್ನು ಕಂಡರೆ ತಂಗಿಗೆ ಕನಿಕರ. ಬಿಟ್ಟುಹೋದ ಹೆಂಡತಿಯ ತಾಯಿಯನ್ನೂ ತಂಗಿಯನ್ನೂ ಯಾರು ಹೀಗೆ ನೋಡಿಕೊಂಡಾರು? ಪ್ಲಾಸ್ಟಿಕ್ ಹಾಳೆ ತರಲು ತಿಂಗಳಿಗೊಮ್ಮೆ ಅಕ್ಕನಿದ್ದ ಊರಿಗೇ ಹೋಗುತ್ತಿದ್ದರೂ ಅವಳ ಬಾಗಿಲಿಗೆ ಹೋಗಿರಲಿಲ್ಲವಂತೆ. ಬೇಡ ಅಂದವಳ ಮೈಮೇಲೆ ಯಾಕೆ ಬೀಳಲಿ ಎನ್ನುತ್ತಿದ್ದರು.

ಅಕ್ಷರ ಬರೆದುಕೊಟ್ಟು ಒಂಬತ್ತು ದಿನವಾಗಿತ್ತು. ಕೇಳಿದಾಗಲೆಲ್ಲ ಭಾವ, ಫಾಂಟ್ ಇನ್ನೂ ಆಗಿಲ್ಲ ಎನ್ನುತ್ತಿದ್ದರು. ಬುಧವಾರ ಸಂಜೆ ದಾರ ಸುತ್ತಿದ ಲಕೋಟೆಗಳ ಕಟ್ಟೊಂದನ್ನು ಕೊಟ್ಟರು. ಗಿರಾಕಿಗಳಿಗೆ ಮಾದರಿ ಲೇಬಲ್ಲುಗಳು, ಮೂಲೆಯ ಅಂಚೆ ಡಬ್ಬಿಗೆ ಹಾಕಿಬಿಡು, ಶುಕ್ರವಾರ ತಲುಪಿದರೆ ಸಾಕು.

“ಹಾಂ, ಶುಕ್ರವಾರ ಅಂಗಡಿ ರಜೆ. ಆದ್ರೂ ಬೆಳಿಗ್ಗೆ ಬಾ, ಹೊಸ ಯಂತ್ರ ಹೊಂದಿಸೋಣ. ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ. ರಜೆ ದಿನವೂ ನನ್ನ ಮಗಳನ್ನ ದುಡಿಸ್ತಾನೆ ಅಂತ ನನಗೆ ಮಂಗಳಾರತಿ ಆಗುತ್ತೆ.”

ತಂಗಿ ನಕ್ಕಳು.

ದಿನಕ್ಕೊಮ್ಮೆ ಬೆಳಿಗ್ಗೆ ಮಾತ್ರ ತೆರೆಯುವ ಮೂಲೆಯ ಡಬ್ಬಿಯ ಬಾಗಿಲು ಸಡಿಲ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಜಾತಿ ಅವಳದು; ಗಿರಾಕಿಗಳ ಮಾಲನ್ನು ಆ ಡಬ್ಬಿಗೆ ಒಪ್ಪಿಸಲು ಮನಸ್ಸಾಗಲಿಲ್ಲ. ಕಾಲು ಗಂಟೆ ನಡೆದು ಅಂಚೆ ಕಚೇರಿಗೇ ಹೋಗಿ, ಕಿಟಕಿ ಮುಚ್ಚುವ ಹೊತ್ತಿಗೆ ಕಟ್ಟನ್ನು ಬಿಚ್ಚದೆ ಒಳಗೆ ಕೊಟ್ಟು ಬಂದಳು. ಇಷ್ಟು ಸಣ್ಣ ವಿಷಯ ಭಾವನಿಗೆ ಹೇಳುವುದೇನು ಎಂದು ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಭಾವ ಊಟಕ್ಕೆ ಹೋದಾಗ ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಫಾಂಟುಗಳ ಪಟ್ಟಿಯ ಕೊನೆಯಲ್ಲಿ ಅವಳು ಹಿಂದೆ ಕಂಡಿರದ ಎರಡು ಹೆಸರುಗಳಿದ್ದವು: ಅಕ್ಷರ-೧, ಅಕ್ಷರ-೨. ಆಗಿಲ್ಲ ಅಂದರಲ್ಲ? ಮೊದಲನೆಯದನ್ನು ಒತ್ತಿ, ಬಾಯಿಗೆ ಬಂದ ಸಾಲು ಬೆರಳಚ್ಚಿಸಿದಳು. ‘ನಿಮ್ಮ ದನಿ ಕೇಳಿದರೆ.’

ಪರದೆಯ ಮೇಲೆ ಮೂಡಿದ್ದು ಅಕ್ಕನ ಕೈಬರಹ.

ಅಕ್ಕ ‘ದ’ವನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಸಾಸಿವೆ ಕಾಳು ಹಿಡಿಸುವಷ್ಟು ಸಂದು ಬಿಡುತ್ತಿದ್ದಳು. ಇಲ್ಲೂ ಸಂದಿತ್ತು. ಆದರೆ ಎರಡು ‘ದ’ಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ದಿಂಬಿನ ಕೆಳಗಿನ ಕಾಗದಗಳಲ್ಲೂ ಹಾಗೆಯೇ ಇತ್ತೆಂದು ಈಗ ಹೊಳೆಯಿತು. ಯಂತ್ರದ ತಲೆಯತ್ತ ನೋಡಿದಳು. ಲೇಸರಿನ ಪಕ್ಕದಲ್ಲಿ ಪೆನ್ನು ಸಿಕ್ಕಿಸುವ ಹಿಡಿಕೆ. ಅದರ ಬಾಯಿಗೆ ನೀಲಿ ಶಾಯಿ ಮೆತ್ತಿತ್ತು.

ಆ ಶಾಯಿಯನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಕ್ಕ ಒಂದು ಸಾಲನ್ನೂ ಬರೆದಿರಲಾರಳು. ಮುದುಕಿಯ ಜೀವ ಹಿಡಿದು ನಿಲ್ಲಲಿ ಎಂದು ಭಾವನೇ ಹೀಗೆ ಮಾಡುತ್ತಿದ್ದಾರೆ. ಪಾಪ. ಅನುಮಾನಪಟ್ಟ ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹಿಂದೆ ಚಪ್ಪಲಿ ಸದ್ದಾಯಿತು. ಅವಳು ಪರದೆ ಮುಚ್ಚಿದಳು.

“ಏನಾದ್ರೂ ಹುಡುಕ್ತಿದ್ದೆಯಾ?”

“ಇಲ್ಲ ಭಾವ. ತಲೆನೋವು. ಮನೆಗೆ ಹೋಗ್ಲಾ?”

ಅವರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು. “ಹೋಗು, ಮಲಗು. ನಾಳೆ ಮಾತ್ರ ತಪ್ಪಿಸ್ಬೇಡ.”

ದಾರಿಯುದ್ದಕ್ಕೂ ಅಮ್ಮನಿಗೆ ಹೇಳಲೋ ಬೇಡವೋ ಎಂದು ತೂಗಿದಳು. ಹೇಳಿದರೆ ಅಮ್ಮ ಉಳಿಯುವುದಿಲ್ಲ. ಹೇಳದಿದ್ದರೆ ಅಕ್ಕನನ್ನು ಹುಡುಕುವವರಿಲ್ಲ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಒಡೆದ ಲಕೋಟೆ.

“ಇದೆಂಥ ಹುಡುಗಾಟವೇ? ಬೆಳಿಗ್ಗೆ ತಟ್ಟೆ ಮುಂದೆ ಕೂತು ಮಾತಾಡಿ ಹೋದವಳು, ಅಂಚೇಲಿ ಕಾಗದ ಹಾಕ್ತೀಯಾ? ಅಂಚೆಯವನು ಈಗ ತಾನೇ ಕೊಟ್ಟು ಹೋದ. ನನ್ನೆದೆ ಇನ್ನೂ ಹೊಡ್ಕೊಳ್ತಿದೆ.”

ಲಕೋಟೆಯ ಮೇಲೆ ನಿನ್ನೆಯ ಮುದ್ರೆ. ಅವಳೇ ಕಿಟಕಿಯೊಳಗೆ ಕೊಟ್ಟ ಕಟ್ಟಿನಲ್ಲಿ ಇದೂ ಇತ್ತು. ಮೂಲೆಯ ಡಬ್ಬಿಗೆ ಹಾಕಿದ್ದರೆ ನಾಳೆ ಬರುತ್ತಿತ್ತು.

‘ಅಮ್ಮಾ, ಇದು ನಿನ್ನ ಕೈಸೇರುವಾಗ ನಾನು ಅಕ್ಕನ ಹತ್ತಿರ ಇರುತ್ತೇನೆ. ನನ್ನನ್ನು ಹುಡುಕಬೇಡ.’

ಅಕ್ಷರ ಅವಳದೇ. ಒಂದೊಂದು ‘ನ’ದ ಅಡಿಯಲ್ಲೂ ಗಾಳದಂಥ ಅದೇ ಕೊಕ್ಕೆ.

ಅಕ್ಕ ಎಲ್ಲಿದ್ದಾಳೆಂದು ಭಾವ ಪೊಲೀಸರ ಮುಂದೆ ಇವತ್ತಿಗೂ ಬಾಯಿ ಬಿಟ್ಟಿಲ್ಲ, ನನಗೂ ಗೊತ್ತಿಲ್ಲ.