ಅತ್ತೆಯ ಗಡ್ಡೆ

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಅತ್ತೆ ಕೇಳಿದರು, “ಇದಕ್ಕೆ ತಿನ್ನೋಕೆ ಏನು ಕೊಡ್ತೀಯ?”

ಅವರ ಹೊಟ್ಟೆಯಿಂದ ಆಪರೇಷನ್ ಮಾಡಿ ತೆಗೆದ ಕ್ಯಾನ್ಸರ್ ಗಡ್ಡೆಯ ಚೂರುಗಳನ್ನು ಅಣ್ಣನ ಮಗಳು ತನ್ನ ಪ್ರಯೋಗಾಲಯದಲ್ಲಿ ಸಾಕಿದ್ದಳು. ನೀರು ಹೀರಿದ ಮೆತ್ತನೆಯ ಜೆಲ್‌ನೊಳಗೆ ಅವು ಮೈಯೊಳಗಿದ್ದ ಹಾಗೇ ಗುಂಪುಗಟ್ಟಿ ಬೆಳೆದಿದ್ದವು. “ಸಕ್ಕರೆ, ಪ್ರೋಟೀನು,” ಎಂದಳು. “ಬೆಚ್ಚಗೂ ಇಡ್ತೀವಿ, ಅತ್ತೆ.”

“ನನ್ನ ಕಾಫಿಗೆ ಸಕ್ಕರೆ ಬೇಡ ಅಂತೀಯ. ಇದಕ್ಕೆ ನೋಡಿದ್ರೆ ಬಾಣಂತನ ಮಾಡ್ತಿದೀಯ.”

ಅವಳಿಗೆ ನಗು ಬಂದರೂ ನಗಲಿಲ್ಲ. ಗಡ್ಡೆ ಮತ್ತೆ ಬರದಿರಲೆಂದು ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅತ್ತೆ ಸುತಾರಾಂ ಒಲ್ಲೆ ಎಂದು ಕೂತಿದ್ದರು. ಕಾರಣ ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ. ಅವಳು ಇನ್ನೊಂದು ತಟ್ಟೆಯನ್ನು ಮಸೂರದ ಕೆಳಗೆ ಸರಿಸಿದಳು. “ಇದಕ್ಕೆ ಆ ಔಷಧಿ ಹಾಕಿದ್ದೀವಿ.”

ಅತ್ತೆ ಬಗ್ಗಿ ನೋಡಿದರು. ಗುಂಪುಗಳೆಲ್ಲ ಚೆದುರಿ ಪುಡಿಪುಡಿಯಾಗಿದ್ದವು. “ಸತ್ತಿದಾವಾ?”

“ಇಲ್ಲಿ ಸತ್ತಿವೆ. ನಿಮ್ಮೊಳಗೂ ಹೀಗೇ ಆಗುತ್ತೆ ಅಂತ ಮಾತು ಕೊಡೋಕಾಗಲ್ಲ. ಆದ್ರೆ ಭರವಸೆ ಇದೆ.”

ಅತ್ತೆ ಮಸೂರದಿಂದ ತಲೆಯೆತ್ತಿದರು. ಆಮೇಲೆ ಕೈ ಚಾಚಿ ಅವಳ ದಪ್ಪ ಜಡೆಯನ್ನು ಹಿಡಿದು, ಬುಡದಿಂದ ತುದಿಯವರೆಗೆ ಗೇಣು ಹಾಕಿ ಅಳೆದರು. “ಡಾಕ್ಟರಿಗೆ ಫೋನ್ ಮಾಡು,” ಎಂದರು. “ನನ್ನ ಕೂದಲು ಉದುರಿದ್ರೆ ವಿಗ್ಗಿಗೆ ಇಷ್ಟು ಸಾಕು.”