ಬಳ್ಳಾರಿ ಬಿಸಿಲಲ್ಲಿ ಸ್ವೆಟರ್

ಬಳ್ಳಾರಿಯಲ್ಲಿ ಮಾರ್ಚ್ ಬಂತೆಂದರೆ ಬಿಸಿಲು ಬೆಳಗ್ಗೆ ಏಳಕ್ಕೇ ಡ್ಯೂಟಿಗೆ ಹಾಜರ್…

ಅಂಥದೊಂದು ಬೆಳಗ್ಗೆ ಹೈಸ್ಕೂಲಿನ ವಿಜ್ಞಾನ ಶಿಕ್ಷಕ ಪಂಪಾಪತಿ ಸರ್ ಫ್ಯಾನಿನ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಅನ್ನಪೂರ್ಣ ಅಡುಗೆಮನೆಯಲ್ಲಿ ಸ್ವೆಟರ್ ಹಾಕಿಕೊಂಡು ನಿಂತಿದ್ದರು.

"ಏನು, ಕಾಶ್ಮೀರಕ್ಕ ಹೊಂಟೀಯೇನು?"

"ಯಾಕೋ ಚಳಿ ರೀ…" ದನಿ ಒಡೆದ ಮಡಕೆಯಂತಿತ್ತು.

"ಚಳಿ ಅಲ್ಲ, ಮೈಗಳ್ಳತನ. ಹಾಸಿಗಿ ಬಿಟ್ಟು ಏಳಾಕ ಬ್ಯಾಸರ, ಅದಕ್ಕ ಹಾಸಿಗೀನ ಸುತ್ಕೊಂಡು ಬಂದೀದಿ!"

ಅನ್ನಪೂರ್ಣ ಉತ್ತರ ಕೊಡಲಿಲ್ಲ. ವರ್ಷದ ಹಿಂದೆ ಒಂದು ಮಾತಿಗೆ ನಾಲ್ಕು ಮಾತು ಕೊಡುತ್ತಿದ್ದ ಹೆಂಗಸು!

ಓಣಿಯ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಿದ್ದವರು ಈಗ ಮಿಷನ್ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದರು. ಹೋದ ವಾರ ಸೂಜಿ ಬೆರಳಿಗೆ ಇಳಿದ ಮೇಲೇ ಎಚ್ಚರವಾದದ್ದು…

ಸರ್ ಹೆಂಡತಿಗೆ "ಮೈಗಳ್ಳಿ" ಎಂದು ಹೆಸರಿಟ್ಟಿದ್ದರು. ನೆಂಟರ ಮುಂದೆಯೂ ಹಾಗೇ ಕರೆಯುತ್ತಿದ್ದರು. ಅದು ತಮಾಷೆ ಎಂಬುದು ಅವರಿಗೆ ಖಾತ್ರಿಯಿತ್ತು.

ಅಂದು ಹತ್ತನೇ ಕ್ಲಾಸಿನಲ್ಲಿ ಉತ್ತರಪತ್ರಿಕೆ ಹಂಚುವ ದಿನ.

ಪಾರಿಭಾಷಿಕ ಪದ ಇಲ್ಲದ ಉತ್ತರಕ್ಕೆ ಪಂಪಾಪತಿ ಸರ್ ಮಾರ್ಕ್ಸ್ ಕೊಡುವವರಲ್ಲ. "ಗ್ರಂಥಿ" ಇರಬೇಕಾದ ಕಡೆ "ಗಂಟು" ಕಂಡರೆ ಅವರಿಗೆ ನಿಜವಾಗಿಯೂ ಹೊಟ್ಟೆನೋವು ಬರುತ್ತಿತ್ತು.

ಪ್ರಶ್ನೆ ಇದು: ಥೈರಾಕ್ಸಿನ್ ಹಾರ್ಮೋನಿನ ಕೊರತೆಯ ಲಕ್ಷಣಗಳನ್ನು ಬರೆಯಿರಿ. ಎರಡು ಅಂಕ.

ಮೊದಲ ಸಾಲು ನೋಡಿಯೇ ಹುಲಿಗೆಮ್ಮ ಎಂಬ ಹುಡುಗಿಗೆ ಸೊನ್ನೆ ಹಾಕಿದ್ದರು. ಅವಳ ಉತ್ತರವನ್ನು ಸರ್ ಇಡೀ ಕ್ಲಾಸಿಗೆ ಓದಿ ಹೇಳಿದರು.

"ಕೇಳ್ರಪಾ, ನಮ್ಮ ಡಾಕ್ಟರ್ ಹುಲಿಗೆಮ್ಮನವರು ಏನು ಬರ್ದಾರ… 'ಇದು ಕಡಿಮೆ ಆದವರು ಒಂದೇ ರೊಟ್ಟಿ ಉಂಡರೂ ಊದುತ್ತಾರೆ. ಕೂದಲು ತಲೆಗಿಂತ ಬಾಚಣಿಗೆಯಲ್ಲೇ ಜಾಸ್ತಿ.'"

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸರ್ ಕೂಡ ನಕ್ಕರು.

"'ಕೂತಲ್ಲೇ ನಿದ್ದೆ. ಫೋನಿನಲ್ಲಿ ಮಾತಾಡಿದರೆ ಗಂಡಸು ಅಂದುಕೊಳ್ಳುತ್ತಾರೆ…'"

ಸರ್ ನಗು ಯಾಕೋ ಸ್ವಲ್ಪ ಕುಂಟಿತು.

"'ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುವುದಿಲ್ಲ…'"

ಅಲ್ಲಿಗೆ ನಿಂತುಬಿಟ್ಟರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಲು ಆಗಲಿಲ್ಲ. ಅಲ್ಲಿ ಬರೆದಿತ್ತು: 'ಮನೆಯವರು ಅವರನ್ನು ಮೈಗಳ್ಳಿ ಅನ್ನುತ್ತಾರೆ.'

"ಇದು… ಇದು ಯಾವ ಗೈಡಿನಾಗ ಐತಿ?"

ಹುಲಿಗೆಮ್ಮ ಎದ್ದು ನಿಂತಳು. "ಗೈಡಿನಾಗ ಇಲ್ರಿ ಸರ್. ನಮ್ಮ ಸಣ್ಣವ್ವಗ, ಅವ್ವನ ತಂಗಿಗೆ ಆಗಿತ್ರಿ. ಪುಸ್ತಕದಾಗಿನ ಪದ ನೆನಪಿಗೆ ಬರ್ಲಿಲ್ರಿ… ಸಣ್ಣವ್ವ ನೆನಪಿಗೆ ಬಂದ್ಳು."

ಸರ್ ಸೊನ್ನೆ ಹೊಡೆದುಹಾಕಿ ಎರಡು ಎಂದು ಬರೆದರು.

ಆಮೇಲೆ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಮನುಷ್ಯನ ಹೃದಯಕ್ಕೆ ಮೂರೇ ಕೋಣೆ ಬರೆದರು. ಮಕ್ಕಳೇ ತಿದ್ದಿದರು.

ಮನೆಗೆ ಎರಡು ಸಲ ಫೋನ್ ಮಾಡಿದರು… ರಿಂಗ್ ಆಯಿತು, ಯಾರೂ ಎತ್ತಲಿಲ್ಲ.

ಅರ್ಧ ದಿನ ರಜೆ ಬರೆದುಕೊಟ್ಟು ಸ್ಕೂಟರ್ ಹತ್ತಿದರು. ರೈಲ್ವೆ ಗೇಟ್ ಬಿದ್ದಿತ್ತು. ಹತ್ತೊಂಬತ್ತು ವರ್ಷ ಇದೇ ಪಾಠ ಮಾಡಿದ ತಲೆಯೊಳಗೆ ಒಂದೊಂದೇ ಲಕ್ಷಣ ಹಾಜರಿ ಹೇಳತೊಡಗಿತು…

ಮನೆಯಲ್ಲಿ ಅನ್ನಪೂರ್ಣ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಎಷ್ಟೋ ದಿನದ ಮೇಲೆ ಸರ್ ಆ ಮುಖವನ್ನು ನೋಡಿದರು. ಬಾತುಕೊಂಡ ಕಣ್ಣು, ಬಿರುಕುಬಿಟ್ಟ ತುಟಿ, ಉದುರಿದ ಹುಬ್ಬು…

ಪಠ್ಯಪುಸ್ತಕದ ಪುಟವೇ ಗೋಡೆಗೆ ಒರಗಿ ಕೂತಿತ್ತು.

ಭುಜ ಮುಟ್ಟಿದರೆ ಬೆಚ್ಚಿ ಎದ್ದರು. "ಈಗಷ್ಟ ಕೂತೀನ್ರೀ… ಬೈಬ್ಯಾಡ್ರಿ, ಕೆಲಸ ಮುಗಿಸ್ತೀನಿ…"

"ಕೆಲಸ ಇರ್ಲಿ. ನಡಿ, ದವಾಖಾನಿಗೆ ಹೋಗೂಣು."

ರಕ್ತ ಕೊಟ್ಟು ಬಂದರು. ಮರುದಿನ ಲೇಡಿ ಡಾಕ್ಟರ್ ರಿಪೋರ್ಟ್ ನೋಡಿ ಹುಬ್ಬೇರಿಸಿದರು.

"ಥೈರಾಯ್ಡ್ ಕಡಿಮಿ ಐತ್ರಿ, ಟಿಎಸ್‌ಎಚ್ ಎಪ್ಪತ್ತು ದಾಟೈತಿ. ಐದರ ಒಳಗ ಇರಬೇಕ್ರಿ! ಇಷ್ಟು ದಿನ ಹೆಂಗ ಓಡಾಡಿದ್ರವ್ವಾ? ಇನ್ನೂ ತಡಾ ಮಾಡಿದ್ರ ಹೃದಯಕ್ಕ ತೊಂದ್ರಿ ಆಗ್ತಿತ್ತು. ದಿನಾ ಮುಂಜಾನೆ ಖಾಲಿ ಹೊಟ್ಟೀಲೆ ಒಂದು ಗುಳಿಗಿ. ನಿಧಾನಕ್ಕ ಸುಧಾರಿಸ್ತೀರಿ, ಹೆದರಬ್ಯಾಡ್ರಿ."

ಪಂಪಾಪತಿ ಸರ್ ಹತ್ತು ಪ್ರಶ್ನೆ ತಯಾರು ಮಾಡಿಕೊಂಡು ಬಂದಿದ್ದರು, ಎಲ್ಲವೂ ಪಾರಿಭಾಷಿಕ ಪದಗಳಲ್ಲಿ. ಆದರೆ ಅನ್ನಪೂರ್ಣ ಮೊದಲು ಬಾಯಿಬಿಟ್ಟರು.

"ಹಂಗಾದ್ರ… ನಾನು ಮೈಗಳ್ಳಿ ಅಲ್ಲೇನ್ರಿ ಡಾಕ್ಟ್ರ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ರು ಹಂಗಂತ?"

ಅನ್ನಪೂರ್ಣ ಪಕ್ಕದಲ್ಲಿದ್ದ ಗಂಡನ ಕಡೆ ನೋಡಲೂ ಇಲ್ಲ.

"ಯಾರೂ ಹೇಳಿಲ್ರಿ… ನಾನ ಅನ್ಕೊಂಡಿದ್ದೆ." ಹಾಗೆಂದು ಕಣ್ಣೊರೆಸಿಕೊಂಡರು.

ಪಂಪಾಪತಿ ಸರ್ ಪ್ರಶ್ನೆಗಳ ಚೀಟಿಯನ್ನು ಜೇಬಿಗೆ ತುರುಕಿದರು.

"ನಾನು, ಡಾಕ್ಟ್ರ…" ಎಂದರು, ತಪ್ಪು ಒಪ್ಪಿಕೊಳ್ಳುವ ಹುಡುಗನಂತೆ ಎದ್ದು ನಿಂತು. "ಹೇಳಿದಾಂವ ನಾನ."

ಅನ್ನಪೂರ್ಣ ಅವರ ಅಂಗಿಯ ತುದಿ ಹಿಡಿದು ಮೆಲ್ಲಗೆ ಕೂರಿಸಿಕೊಂಡರು.

ಕಾಯಿಲೆಯ ಹೆಸರೆಲ್ಲ ಬಾಯಿಪಾಠವಾಗಿದ್ದರೂ, ಪಕ್ಕದಲ್ಲಿರುವವರ ಮುಖ ಓದುವುದನ್ನು ಬೇರೆಯಾಗಿಯೇ ಕಲಿಯಬೇಕು.

ನಿಮ್ಮ ಮನೆಯಲ್ಲಿ ಯಾರು ಇತ್ತೀಚೆಗೆ ಎದುರು ಮಾತಾಡುವುದನ್ನೇ ನಿಲ್ಲಿಸಿದ್ದಾರೆ… ಅವರ ಮುಖವನ್ನು ನೀವು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗ?